ಒಂದೇ ಬೆಂಚು, ಮೂರು ದರ

ಬೆಂಗಳೂರಿನ ಹೆಸರುವಾಸಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದೇ ಬೆಂಚಿಗೆ ಮೂರು ದರ. ಸಿಇಟಿ ರ‍್ಯಾಂಕ್ ಪಡೆದು ಸರ್ಕಾರಿ ಕೋಟಾದಲ್ಲಿ ಬಂದವನದು ಕಡಿಮೆ, ಕಾಮೆಡ್-ಕೆ ಬರೆದು ಬಂದವಳದು ಹೆಚ್ಚು, ಮ್ಯಾನೇಜ್‌ಮೆಂಟ್ ಸೀಟಿನವನದು ಹಲವು ಪಟ್ಟು. ಪಾಠ ಮಾಡುವವರು ಅವರೇ, ಲ್ಯಾಬೂ ಅದೇ, ಡಿಗ್ರಿಯೂ ಅದೇ. ‘ಖಾಸಗಿಯಲ್ಲಿ ದುಡ್ಡು ಜಾಸ್ತಿ, ಓದೂ ಗಟ್ಟಿ’ ಎನ್ನುವ ಮನೆಮನೆಯ ಲೆಕ್ಕ ಇಲ್ಲೇ ಮುಗ್ಗರಿಸುತ್ತದೆ. ಆ ಹೆಚ್ಚುವರಿ ಹಣ ಬಾರದೆ ಹೋದ ರ‍್ಯಾಂಕಿನ ಬೆಲೆ.

ಈ ದರದ ಮೆಟ್ಟಿಲುಗಳಿಗೆ ಒಂದು ಕಾಲಕ್ಕೆ ಸರ್ಕಾರದ ಮುದ್ರೆಯೇ ಇತ್ತು. 1989ರ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000 ಎಂದು ಮಿತಿ ಹಾಕಿತ್ತು. ತುಮಕೂರಿನಲ್ಲಿ ಸೀಟು ಬಯಸಿದ್ದ ವಿದ್ಯಾರ್ಥಿನಿಯೊಬ್ಬರು ಕೋರ್ಟಿಗೆ ಹೋದರು. 1992ರ ಮೋಹಿನಿ ಜೈನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಹೆಚ್ಚುವರಿ ಶುಲ್ಕವನ್ನು ಕ್ಯಾಪಿಟೇಷನ್ ಎಂದೇ ಕರೆದು ತಳ್ಳಿಹಾಕಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪಿನಿಂದ ಅರ್ಧ ‘ಫ್ರೀ ಸೀಟು’, ಅರ್ಧ ‘ಪೇಮೆಂಟ್ ಸೀಟು’ ಬಂದವು. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಏರ್ಪಾಡನ್ನೂ ಕೆಡವಿತು. ಮೆಟ್ಟಿಲು ಮಾತ್ರ ಹೋಗಲಿಲ್ಲ. ಈಗ ಅದು ಸರ್ಕಾರ ಮತ್ತು ಆಡಳಿತ ಮಂಡಳಿಗಳ ನಡುವಿನ ಒಪ್ಪಂದದ ಹೆಸರಿನಲ್ಲಿ ನಿಂತಿದೆ.

ಹಾಗೆಂದು ಖಾಸಗಿಯವರನ್ನು ಬೈದು ಕೈತೊಳೆದುಕೊಳ್ಳಲಾಗದು. 1946ರಲ್ಲಿ ಬಿಎಂಎಸ್ ಎಂಜಿನಿಯರಿಂಗ್ ಕಾಲೇಜು, 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಹುಟ್ಟದಿದ್ದರೆ ಎಷ್ಟೋ ಮಕ್ಕಳಿಗೆ ಕಾಲೇಜೇ ಇರುತ್ತಿರಲಿಲ್ಲ.

ಇನ್ನು ಸರ್ಕಾರಿ ಕಾಲೇಜು. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇಗೆ ಸ್ವಾಯತ್ತೆ ಕೊಡುವ ಕಾಯ್ದೆ ಬಂದದ್ದು 2021ರಲ್ಲಿ, ನೂರು ವರ್ಷ ಕಳೆದ ಮೇಲೆ! ತಾಲ್ಲೂಕಿನ ಪದವಿ ಕಾಲೇಜುಗಳ ಕಥೆ ಇನ್ನೂ ಬಡವು. ಫೀಸು ಹಗುರ, ನಿಜ. ಆದರೆ ಪಾಠದ ಭಾರ ಬಹುಪಾಲು ಅತಿಥಿ ಉಪನ್ಯಾಸಕರ ಮೇಲೆ. ಸೇವಾ ಭದ್ರತೆ ಕೇಳಿ ಅವರು ಧರಣಿ ಕೂತರೆ ತರಗತಿಗಳು ಖಾಲಿ. ಹುಡುಗರು ಫೀಸಿನಲ್ಲಿ ಉಳಿಸಿದ್ದನ್ನು ಸೆಮಿಸ್ಟರಿನಲ್ಲಿ ತೆರುತ್ತಾರೆ. (ಹಾಸ್ಟೆಲ್ ಸಿಗದವರು ರೂಮ್ ಬಾಡಿಗೆಯಲ್ಲೂ ತೆರುತ್ತಾರೆ, ಬಡವರ ಮನೆಯಲ್ಲಿ ಕಾಲೇಜು ಸೀಟಿಗಿಂತ ಹಾಸ್ಟೆಲ್ ಸೀಟಿನದೇ ದೊಡ್ಡ ಚಿಂತೆ.)

ಆದ್ದರಿಂದ ನಾನು ಫೀಸಿನ ಪಟ್ಟಿಗಿಂತ ಮೊದಲು ನೋಡುವುದು ಕಾಯಂ ಬೋಧಕರ ಪಟ್ಟಿಯನ್ನು. ಎಂಜಿನಿಯರಿಂಗ್ ಕಾಲೇಜುಗಳು ಬೋಧಕರ ವಿವರವನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಎಐಸಿಟಿಇ ನಿಯಮವಿದೆ. ಆದರೆ ನಮ್ಮ ಪೋಷಕರು ಆಪ್ಷನ್ ಎಂಟ್ರಿಗೆ ಕೂತಾಗ ಕೇಳುವುದು ಪ್ಲೇಸ್‌ಮೆಂಟಿನ ಅತಿ ದೊಡ್ಡ ಪ್ಯಾಕೇಜು ಎಷ್ಟೆಂದು ಮಾತ್ರ. ಅದು ಸಿಕ್ಕಿರುವುದು ಒಬ್ಬನಿಗೆ.