ಮಾರ್ಕ್ ಕಬ್ಬನ್: ಸುಧಾರಣೆಯ ಬೆಲೆ

ಸರ್ ಮಾರ್ಕ್ ಕಬ್ಬನ್ನನು ಇಂದು ಬಹುಮಟ್ಟಿಗೆ ಬೆಂಗಳೂರಿನ ಉದ್ಯಾನವೊಂದರ ಹೆಸರಾಗಿ ಉಳಿದಿದ್ದಾನೆ. ಆ ಉದ್ಯಾನವಾದರೋ ಅವನು ಕಾಲವಾದ ಮೇಲೆ, 1870ರಲ್ಲಿ ರೂಪುಗೊಂಡುದು. ಆದುದರಿಂದ ಅವನ ಯೋಗ್ಯತೆಯನ್ನು ಅಳೆಯಲು ಆ ಕಾಲದ ಕಂದಾಯದ ವ್ಯವಸ್ಥೆಯನ್ನು ನೋಡುವುದೇ ಯುಕ್ತ.

1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. 1831ರಲ್ಲಿ ಮೈಸೂರಿನ ಆಡಳಿತವು ಆಂಗ್ಲರ ಕೈಸೇರಿತು. 1834ರಿಂದ 1861ರವರೆಗೆ ಕಬ್ಬನ್ ಕಮೀಷನರನಾಗಿದ್ದನು. ಪ್ರಜೆಗಳ ಮೇಲಿದ್ದ ಕಿರುತೆರಿಗೆಗಳು ವಿಚಿತ್ರವಾಗಿದ್ದವು. ಮದುವೆಗೆ ತೆರಿಗೆ, ಶಿಶು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ! ಪಾಳೆಯಗಾರನ ಕಳೆದುಹೋದ ಕುದುರೆಯನ್ನು ಪೂರ್ವಜರು ಹುಡುಕಿಕೊಡಲಿಲ್ಲವೆಂದು ಒಂದು ಗ್ರಾಮದವರು ತೆರಿಗೆ ತೆರುತ್ತಿದ್ದರು. ಇಂತಹ 769 ಬಾಬುಗಳು ಕಮೀಷನರರ ಆಡಳಿತದಲ್ಲಿ ರದ್ದಾದವು. ಕಚೇರಿಗಳಲ್ಲಿ ದೇಶಭಾಷೆಗಳ ಬಳಕೆಯನ್ನು ಕಬ್ಬನ್ ಉಳಿಸಿಕೊಂಡನು. ಸಾವಿರಾರು ಮೈಲಿಗಳ ರಸ್ತೆಗಳನ್ನು ಮಾಡಿಸಿದನು. 1860ರಲ್ಲಿ ಮೈಸೂರನ್ನು ಮದರಾಸು ಸರಕಾರಕ್ಕೆ ಒಪ್ಪಿಸುವ ಸೂಚನೆ ಬಂದಾಗ ರಾಜೀನಾಮೆಗೆ ಸಿದ್ಧನಾದುದು ಅವನ ನಿಷ್ಠೆಗೆ ಸಾಕ್ಷಿ.

ಆದರೆ ವಿಮರ್ಶೆ ಪ್ರಶಂಸೆಯಲ್ಲಿಯೇ ಮುಗಿಯಲಾಗದು. ರೈತನ ಹೊರೆ ಇಳಿದುದು ದಿಟ. ಅವನ ಮಾತಿಗೆ ಆಡಳಿತದಲ್ಲಿ ಸ್ಥಾನ ದೊರೆಯಲಿಲ್ಲ. ಸರ್ವಾಧಿಕಾರವೂ ಒಬ್ಬನಲ್ಲಿಯೇ ನೆಲೆಸಿತ್ತು. ಇಳಿಸಿದ ಕೈಗೆ ಮತ್ತೆ ಹೊರಿಸುವ ಶಕ್ತಿಯೂ ಇತ್ತೆಂಬುದನ್ನು ಮರೆಯಬಾರದು. ಪ್ರಜೆಗಳ ಅಹವಾಲನ್ನು ಕೇಳುವ ಪ್ರಜಾಪ್ರತಿನಿಧಿ ಸಭೆ ಸೇರಿದುದು 1881ರಲ್ಲಿ, ರಾಜ್ಯವು ಒಡೆಯರಿಗೆ ಮರಳಿದ ಮೇಲೆ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ.

ದಯೆಯಿಂದ ಬಂದ ಸುಧಾರಣೆ ಹಿರಿದೇ ಸರಿ. ಪ್ರಜೆಯು ಅದನ್ನು ಹಕ್ಕಿನಿಂದ ಕೇಳಬಲ್ಲನಾದಾಗಲೇ ಅದು ಸ್ಥಿರವಾಗುವುದು. ಕಬ್ಬನ್ನನ ಹಿರಿಮೆಯನ್ನೂ ಮಿತಿಯನ್ನೂ ಈ ಒಂದೇ ಒರೆಗಲ್ಲು ತೋರಿಸುತ್ತದೆ.