ಗ್ರಾಂಡ್ ಪಿಯಾನೊದ ಸ್ಪರ್ಶ: ಕೈಪಿಡಿ ಹೇಳದ ಒಂದು ಸಂಖ್ಯೆ

ಡಿಜಿಟಲ್ ಪಿಯಾನೊ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ಕೊಡುವ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಒಂದು ಮಾತು ಇದ್ದೇ ಇರುತ್ತದೆ: 'ನಿಜವಾದ ಗ್ರಾಂಡ್ ಪಿಯಾನೊದ ಸ್ಪರ್ಶ'. ಅದರ ಕೆಳಗೆ 'ಭಾರ ತುಂಬಿದ 88 ಕೀಲಿಗಳು', 'ಶ್ರೇಣೀಕರಿಸಿದ ಸುತ್ತಿಗೆ ವ್ಯವಸ್ಥೆ' ಎಂಬ ವಿಶೇಷಣಗಳು. ಧ್ವನಿಯ ಬಗ್ಗೆ ಇಂತಹ ಹೇಳಿಕೆ ಬಂದರೆ ಕಿವಿಗೊಟ್ಟು ಪರೀಕ್ಷಿಸಬಹುದು. ಸ್ಪರ್ಶದ ಬಗ್ಗೆ ಬಂದರೆ ಏನು ಮಾಡುವುದು? ಅದನ್ನು ಅಳೆಯಲು ಬರುತ್ತದೆಯೆ? ಖಂಡಿತ ಬರುತ್ತದೆ. ಏನನ್ನು ಅಳೆಯಬೇಕೆಂದು ಪಿ.ಯು.ಸಿ. ಮಟ್ಟದ ಭೌತವಿಜ್ಞಾನವೇ ಹೇಳುತ್ತದೆ. ಆದರೆ ಕೈಪಿಡಿಗಳಲ್ಲಿ ಸಿಗದಿರುವುದು ಆ ಒಂದು ಪರಿಮಾಣವೇ. ಈ ಬರಹ ಯಾವ ಕಂಪನಿಯ ಪರವೂ ಅಲ್ಲ, ವಿರೋಧವೂ ಅಲ್ಲ. 'ನಿಜವಾದ ಸ್ಪರ್ಶ' ಎಂಬ ಮಾತನ್ನು ತಕ್ಕಡಿಗೆ ಹಾಕಿ ನೋಡುವುದಷ್ಟೇ ಇದರ ಉದ್ದೇಶ.

ಅರಮನೆಯಿಂದ ಹರವೆಗೆ

ಪಿಯಾನೊ ನಮ್ಮ ಮೈಸೂರು ಸೀಮೆಗೆ ಅಪರಿಚಿತ ವಾದ್ಯವಲ್ಲ. ಜಯಚಾಮರಾಜ ಒಡೆಯರು (1919-1974) ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಪಿಯಾನೊ ವಾದಕರಾಗಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಈ ಮಹಾರಾಜರಿಗೆ ಅರ್ಪಿಸಿದರು. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರೂ ಇದೇ ಒಡೆಯರು.

ಆದರೆ ಆ ವಾದ್ಯ ಅರಮನೆ, ಚರ್ಚು, ಕೆಲವು ಸಿರಿವಂತರ ಮನೆಗಳನ್ನು ದಾಟಿ ಹಳ್ಳಿಗಳತ್ತ ಬರಲಿಲ್ಲ. ಕಾರಣ ಸರಳ. ಕಛೇರಿಯಲ್ಲಿ ನುಡಿಸುವ ದೊಡ್ಡ ಗ್ರಾಂಡ್ ಪಿಯಾನೊ ಸುಮಾರು 500 ಕಿಲೋಗ್ರಾಂ ತೂಗುತ್ತದೆ. ಇನ್ನೂರಕ್ಕೂ ಹೆಚ್ಚು ತಂತಿಗಳು, ಅವುಗಳ ಒಟ್ಟು ಬಿಗಿತ ತಡೆಯಲು ಎರಕದ ಕಬ್ಬಿಣದ ಚೌಕಟ್ಟು. ಗಾಳಿಯ ತೇವ ಬದಲಾದಂತೆ ಮರ ಹಿಗ್ಗಿ ಕುಗ್ಗಿ ಶ್ರುತಿ ಜಾರುತ್ತದೆ; ಶ್ರುತಿ ಮಾಡಲು ತಜ್ಞರೇ ಬೇಕು. ಚಾಮರಾಜನಗರ ತಾಲ್ಲೂಕಿನ ನಮ್ಮ ಹರವೆಯಂತಹ ಊರಿನಲ್ಲಿ ಒಬ್ಬ ವಿದ್ಯಾರ್ಥಿನಿ ಪಿಯಾನೊ ಕಲಿಯಬೇಕೆಂದರೆ ಡಿಜಿಟಲ್ ವಾದ್ಯವೇ ದಾರಿ. ಆ ಮಟ್ಟಿಗೆ ಅದು ದೊಡ್ಡ ಉಪಕಾರ.

ತೊಂದರೆಯೂ ಇಲ್ಲೇ ಇದೆ. ಈ ವಿದ್ಯಾರ್ಥಿನಿ ಗ್ರಾಂಡ್ ಪಿಯಾನೊವನ್ನು ಮುಟ್ಟಿ ನೋಡಿರುವುದಿಲ್ಲ. ಅವಳ ತಂದೆ ಹಣ ಹೊಂದಿಸಿ ವಾದ್ಯ ತರುವಾಗ 'ಗ್ರಾಂಡ್‌ನಂತೆಯೇ ಇದೆ' ಎಂಬ ಮಾತನ್ನು ಹೋಲಿಸಿ ನೋಡುವ ಬಗೆ ಇಬ್ಬರಿಗೂ ಇಲ್ಲ. ನಾಲ್ಕು ವರ್ಷ ಅದರ ಮೇಲೆ ಬೆರಳು ಪಳಗಿಸಿ, ಮುಂದೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಿಜವಾದ ಗ್ರಾಂಡ್ ಮುಂದೆ ಕುಳಿತಾಗ ಬೆರಳು ಮಾತು ಕೇಳದಿದ್ದರೆ, ಆ ನಾಲ್ಕು ವರ್ಷವನ್ನು ಮರಳಿ ಕೊಡುವವರು ಯಾರು?

ಹಾರ್ಮೋನಿಯಂ ಮತ್ತು ಪಿಯಾನೊ

ನಮ್ಮ ಕಡೆಯ ಭಜನೆ, ನಾಟಕಗಳಲ್ಲಿ ಹಾರ್ಮೋನಿಯಂ ನೋಡದವರಿಲ್ಲ. ಅದರ ಕೀಲಿ ಒಂದು ಬಾಗಿಲಿದ್ದಂತೆ. ಒತ್ತಿದಾಗ ಗಾಳಿಗೆ ದಾರಿ ತೆರೆಯುತ್ತದೆ. ಮೆಲ್ಲಗೆ ಒತ್ತಲಿ, ಜೋರಾಗಿ ಒತ್ತಲಿ, ಸ್ವರದ ಗಟ್ಟಿತನವನ್ನು ನಿರ್ಧರಿಸುವುದು ತಿದಿ. ಪಿಯಾನೊದಲ್ಲಿ ಹಾಗಲ್ಲ. ಕೀಲಿ ಒಂದು ಸನ್ನೆ. ಬೆರಳು ಮುಂತುದಿಯನ್ನು ಒತ್ತಿದರೆ, ಹಿಂದಿನ ಸನ್ನೆಗಳ ಸರಣಿ ಉಣ್ಣೆಯ ಫೆಲ್ಟ್ ಸುತ್ತಿದ ಸುತ್ತಿಗೆಯನ್ನು ತಂತಿಯತ್ತ ಎಸೆಯುತ್ತದೆ.

'ಎಸೆಯುತ್ತದೆ' ಎಂಬ ಪದವನ್ನು ಗಮನಿಸಿ. ತಂತಿಗೆ ಒಂದೆರಡು ಮಿಲಿಮೀಟರ್ ಇರುವಾಗಲೇ ಸುತ್ತಿಗೆ ಸನ್ನೆಯಿಂದ ಬಿಡುಗಡೆ ಹೊಂದುತ್ತದೆ. ಕೇರಂ ಆಟದಲ್ಲಿ ಬೆರಳು ಚಿಮ್ಮಿದ ಮೇಲೆ ಸ್ಟ್ರೈಕರ್ ತನ್ನ ಪಾಡಿಗೆ ತಾನು ಓಡುವಂತೆ, ಬಿಡುಗಡೆಯಾದ ಸುತ್ತಿಗೆಯ ಮೇಲೆ ಬೆರಳಿಗೆ ಅಧಿಕಾರವಿಲ್ಲ. ಈ ಬಿಡುಗಡೆಯ ಏರ್ಪಾಟು ಮಾಡಿದಾತ ಇಟಲಿಯ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ. ಕಾಲ ಸುಮಾರು 1700. ಕೀಲಿ ಪೂರ್ತಿ ಮೇಲೇಳದೆಯೇ ಅದೇ ಸ್ವರವನ್ನು ಮತ್ತೆ ನುಡಿಸಲು ಅನುವಾಗುವ ಇಮ್ಮಡಿ ಬಿಡುಗಡೆಯನ್ನು 1821ರಲ್ಲಿ ಪ್ಯಾರಿಸ್ಸಿನ ಸೆಬಾಸ್ಟಿಯನ್ ಎರಾರ್ ರೂಪಿಸಿದ. ಇಂದಿನ ಗ್ರಾಂಡ್‌ಗಳೆಲ್ಲ ಆ ಮಾದರಿಯ ಸಂತತಿ.

ಹಾಗಾದರೆ ಬೆರಳು ನಿರ್ಧರಿಸುವುದು ಸುತ್ತಿಗೆಯ ವೇಗವೊಂದನ್ನೇ. ಡಿಜಿಟಲ್ ಪಿಯಾನೊ ನಿಂತಿರುವುದೂ ಈ ಸತ್ಯದ ಮೇಲೆಯೇ. ಕೀಲಿಯ ಕೆಳಗೆ ಎರಡು ಸಂವೇದಕಗಳಿರುತ್ತವೆ. ಒಂದನ್ನು ದಾಟಿ ಇನ್ನೊಂದನ್ನು ದಾಟಲು ಹಿಡಿದ ಕಾಲದಿಂದ ವೇಗ ಲೆಕ್ಕವಾಗುತ್ತದೆ. ಆ ವೇಗಕ್ಕೆ ತಕ್ಕ ಧ್ವನಿಮುದ್ರಿಕೆ ಹೊರಡುತ್ತದೆ. ಧ್ವನಿಯ ಮಟ್ಟಿಗೆ ಈ ಏರ್ಪಾಟು ನ್ಯಾಯವಾದದ್ದೇ. ಆದರೆ ಬೆರಳಿಗೆ ಆಗುವ ಅನುಭವ ಬೇರೆಯೇ ಪ್ರಶ್ನೆ.

ಒಂದೇ ತೂಕ, ಎರಡು ಸ್ಪರ್ಶ

ಗ್ರಾಂಡ್ ಪಿಯಾನೊದ ಕೀಲಿಯ ಮುಂತುದಿಯಲ್ಲಿ ಸುಮಾರು 50 ಗ್ರಾಂ ತೂಕವಿಟ್ಟರೆ ಅದು ನಿಧಾನವಾಗಿ ಕೆಳಗಿಳಿಯುತ್ತದೆ. 'ಭಾರ ತುಂಬಿದ ಕೀಲಿ' ಎಂದು ಮಾರಾಟಗಾರರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಈ 50 ಗ್ರಾಂ. ಇಷ್ಟನ್ನು ಅನುಕರಿಸುವುದು ಸುಲಭ. ಆದರೆ ಇದು ಕೀಲಿ ಹೆಚ್ಚುಕಡಿಮೆ ನಿಶ್ಚಲವಾಗಿದ್ದಾಗಿನ ಅಳತೆ. ನುಡಿಸುವ ಬೆರಳು ಕೀಲಿಗೆ ವೇಗೋತ್ಕರ್ಷ ಕೊಡುತ್ತದೆ. ಅಲ್ಲಿ ಎದುರು ನಿಲ್ಲುವುದು ತೂಕಕ್ಕಿಂತ ಹೆಚ್ಚಾಗಿ ಜಡತ್ವ.

ಲೆಕ್ಕ ಮಾಡಿ ನೋಡೋಣ. ಗ್ರಾಂಡ್‌ನಲ್ಲಿ ಕೀಲಿ ಸುಮಾರು 10 ಮಿಲಿಮೀಟರ್ ಇಳಿದರೆ ಸುತ್ತಿಗೆ 50 ಮಿಲಿಮೀಟರಿನಷ್ಟು ಏರುತ್ತದೆ. ಅನುಪಾತ 5. ಮಂದ್ರಸ್ವರದ ಸುತ್ತಿಗೆ ಸುಮಾರು 10 ಗ್ರಾಂ ಎನ್ನಿ. ಸನ್ನೆಯ ನಿಯಮದಂತೆ ಬೆರಳಿಗೆ ತಿಳಿಯುವ ತೂಕ 10 × 5 = 50 ಗ್ರಾಂ. ಆದರೆ ಸುತ್ತಿಗೆಯ ವೇಗ ಕೀಲಿಯ ವೇಗದ 5 ಪಟ್ಟು. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. ಆದ್ದರಿಂದ ಬೆರಳಿಗೆ ಸುತ್ತಿಗೆ 10 × 25 = 250 ಗ್ರಾಂ ದ್ರವ್ಯರಾಶಿಯಂತೆ ವರ್ತಿಸುತ್ತದೆ. ಇದನ್ನು 'ತೋರಿಕೆಯ ದ್ರವ್ಯರಾಶಿ' ಎಂದು ಕರೆಯೋಣ.

ಈಗ ಒಂದು ಕಾಲ್ಪನಿಕ ಡಿಜಿಟಲ್ ವಾದ್ಯವನ್ನು ತೆಗೆದುಕೊಳ್ಳಿ. ಜಾಗ ಉಳಿಸಲು ಸನ್ನೆಯನ್ನು ಚಿಕ್ಕದು ಮಾಡಿದ್ದಾರೆ, ಅನುಪಾತ 2. ತೂಕ ಸರಿದೂಗಿಸಲು 25 ಗ್ರಾಂ ಲೋಹದ ತುಂಡು ಹಾಕಿದ್ದಾರೆ. ತೂಕ 25 × 2 = 50 ಗ್ರಾಂ. ಗ್ರಾಂಡ್‌ನಷ್ಟೇ! ತೋರಿಕೆಯ ದ್ರವ್ಯರಾಶಿ ಮಾತ್ರ 25 × 4 = 100 ಗ್ರಾಂ. ತಕ್ಕಡಿ ಎರಡನ್ನೂ ಒಂದೇ ಎನ್ನುತ್ತದೆ, ಬೆರಳು ಒಪ್ಪುವುದಿಲ್ಲ.

ಬೆರಳಿಗೆ ಎಷ್ಟು ವ್ಯತ್ಯಾಸ ತಿಳಿದೀತು? ಮೆಲ್ಲಗೆ ನುಡಿಸುವಾಗ ಕೀಲಿ 10 ಮಿಲಿಮೀಟರ್ ಇಳಿಯಲು 150 ಮಿಲಿಸೆಕೆಂಡ್ ಹಿಡಿಯಿತೆನ್ನಿ. ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 0.9 ಮೀಟರ್. ಜಡತ್ವಕ್ಕಾಗಿ ಬೇಕಾದ ಹೆಚ್ಚುವರಿ ಬಲ ಗ್ರಾಂಡ್‌ನಲ್ಲಿ 23 ಗ್ರಾಂ ತೂಕದಷ್ಟು, ನಮ್ಮ ಕಾಲ್ಪನಿಕ ವಾದ್ಯದಲ್ಲಿ 9 ಗ್ರಾಂನಷ್ಟು. ಹೆಚ್ಚೇನೂ ಅಂತರವಿಲ್ಲ. ಜೋರಾಗಿ ನುಡಿಸುವಾಗ ಅದೇ ದೂರಕ್ಕೆ 25 ಮಿಲಿಸೆಕೆಂಡ್ ಸಾಕು. ಆಗ ವೇಗೋತ್ಕರ್ಷ 32. ಗ್ರಾಂಡ್‌ಗೆ 8 ನ್ಯೂಟನ್, ಅಂದರೆ 800 ಗ್ರಾಂ ತೂಕಕ್ಕಿಂತ ತುಸು ಹೆಚ್ಚು, ಇನ್ನೊಂದಕ್ಕೆ 3.2 ನ್ಯೂಟನ್, ಅಂದರೆ ಸುಮಾರು 330 ಗ್ರಾಂ. ಅಂಗಡಿಯಲ್ಲಿ ಒಂದೊಂದೇ ಕೀಲಿಯನ್ನು ಮೆಲ್ಲಗೆ ಒತ್ತಿ 'ಪರವಾಗಿಲ್ಲ' ಎನ್ನುವವರಿಗೆ ಈ ಅಂತರ ತಿಳಿಯುವುದೇ ಇಲ್ಲ. ಅರಿಶಿನದ ಮೂಟೆ ತುಂಬಿದ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ನೂಕುವುದಕ್ಕೂ ಥಟ್ಟನೆ ಓಡಿಸುವುದಕ್ಕೂ ಇರುವ ವ್ಯತ್ಯಾಸವಿದು.

(ಮೇಲಿನ ಲೆಕ್ಕದಲ್ಲಿ ಕೀಲಿಯ ಮರ, ಅದರೊಳಗಿನ ಸೀಸದ ತುಂಡು, ಘರ್ಷಣೆ ಇವನ್ನು ಬಿಟ್ಟಿದೆ. ಅವನ್ನು ಸೇರಿಸಿದರೆ ಅಂಕಿಗಳು ಬದಲಾಗುತ್ತವೆ, ವಾದ ಬದಲಾಗುವುದಿಲ್ಲ.)

ನೀವೇ ಅಳೆಯಿರಿ

ತೋರಿಕೆಯ ದ್ರವ್ಯರಾಶಿಯನ್ನು ಅಳೆಯಲು ದುಬಾರಿ ಉಪಕರಣ ಬೇಡ. ಶಾಲೆಯ ತೂಕದ ಪೆಟ್ಟಿಗೆ ಮತ್ತು ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಫೋನ್ ಸಾಕು. ಮೊದಲು ಕೀಲಿ ನಿಧಾನವಾಗಿ ಇಳಿಯಲು ಬೇಕಾದ ತೂಕವನ್ನು ಕಂಡುಕೊಳ್ಳಿ; 50 ಗ್ರಾಂ ಎನ್ನಿ. ಅನಂತರ 100 ಗ್ರಾಂ ತೂಕವನ್ನು ದಾರದಲ್ಲಿ ಹಿಡಿದು, ಕೀಲಿಯ ಮುಂತುದಿಗೆ ತಾಗಿಯೂ ತಾಗದಂತಿರಿಸಿ ದಾರ ಬಿಡಿ. ಅಕ್ಕಪಕ್ಕದ ಕೀಲಿಗೆ ತಾಗದಂತೆ ತೂಕದ ಅಡಿಗೆ ಚಿಕ್ಕ ರಬ್ಬರ್ ತುಂಡು ಅಂಟಿಸಿ, ಅದನ್ನೂ ಸೇರಿಸಿ ತೂಗಿ. ಕೀಲಿ 10 ಮಿಲಿಮೀಟರ್ ಇಳಿಯುವಷ್ಟರಲ್ಲಿ ಎಷ್ಟು ಚಿತ್ರಗಳಾದವು ಎಂದು ಎಣಿಸಿ.

ಎಳೆಯುವ ಬಲ 100 - 50 = 50 ಗ್ರಾಂ ತೂಕ, ಅಂದರೆ 0.49 ನ್ಯೂಟನ್. ಈ ಬಲವನ್ನು ಕಾಲದ ವರ್ಗದಿಂದ ಗುಣಿಸಿ, ದೂರದ ಎರಡರಷ್ಟರಿಂದ ಭಾಗಿಸಿದರೆ ಚಲಿಸುವ ಒಟ್ಟು ದ್ರವ್ಯರಾಶಿ ಕಿಲೋಗ್ರಾಂನಲ್ಲಿ ಸಿಗುತ್ತದೆ. ಅದರಿಂದ ನೀವಿಟ್ಟ 100 ಗ್ರಾಂ ಕಳೆಯಿರಿ. ಉಳಿದದ್ದೇ ತೋರಿಕೆಯ ದ್ರವ್ಯರಾಶಿ. ಅದು 250 ಗ್ರಾಂ ಇದ್ದರೆ ಸುಮಾರು 29 ಚಿತ್ರಗಳು, 100 ಗ್ರಾಂ ಇದ್ದರೆ ಸುಮಾರು 22 ಚಿತ್ರಗಳು. ಎಣಿಕೆಯಲ್ಲಿ ಒಂದೆರಡು ಚಿತ್ರ ತಪ್ಪಿದರೂ ಎರಡು ವಾದ್ಯಗಳನ್ನು ಬೇರೆ ಮಾಡಲು ಇಷ್ಟು ಸಾಕು. ಪ್ರಯೋಗಾಲಯದಲ್ಲಿ ನ್ಯೂಟನ್ನನ ಎರಡನೆಯ ನಿಯಮವನ್ನು ಪರಿಶೀಲಿಸಲು ಇದಕ್ಕಿಂತ ಆಸಕ್ತಿಯ ಪ್ರಯೋಗ ಬೇಕೆ?

ಇನ್ನು ಮೂರು ಪರೀಕ್ಷೆಗಳಿಗೆ ಬೆರಳೊಂದೇ ಸಾಕು.

ಒಂದು: ಕೀಲಿಯನ್ನು ಬಹಳ ನಿಧಾನವಾಗಿ ಪೂರ್ತಿ ಒತ್ತಿ. ಗ್ರಾಂಡ್‌ನಲ್ಲಿ ಸುತ್ತಿಗೆ ತಂತಿ ಮುಟ್ಟದೆ ಮರಳುತ್ತದೆ, ಸದ್ದಿಲ್ಲ. ಡಿಜಿಟಲ್ ವಾದ್ಯವೂ ಸುಮ್ಮನಿರಬೇಕು.

ಎರಡು: ಪೂರ್ತಿ ಒತ್ತಿದ ಕೀಲಿಯನ್ನು ಅರ್ಧ ಮಾತ್ರ ಮೇಲೆ ಬಿಟ್ಟು ಮತ್ತೆ ಒತ್ತಿ. ಎರಡೇ ಸಂವೇದಕಗಳಿರುವ ವಾದ್ಯ ಇಲ್ಲಿ ಮೌನವಾಗಬಹುದು. ಮೇಲಿನ ಸಂವೇದಕವನ್ನು ಕೀಲಿ ಮತ್ತೆ ದಾಟಲೇ ಇಲ್ಲವಲ್ಲ! ಮೂರನೆಯ ಸಂವೇದಕವಿದ್ದರೆ ಸ್ವರ ಬರುತ್ತದೆ. ಎರಾರ್‌ನ 1821ರ ಸಾಧನೆಯನ್ನು ನಿಜವಾಗಿ ಅನುಕರಿಸುವುದು ಈ ಮೂರನೆಯ ಸಂವೇದಕವೇ ಹೊರತು, ಕೀಲಿಯ ತಳದಲ್ಲಿ ಬೆರಳಿಗೆ 'ಟಿಕ್' ಎನ್ನಿಸುವ ರಬ್ಬರಿನ ಉಬ್ಬಲ್ಲ. ಕೈಪಿಡಿಯಲ್ಲಿ 'ಬಿಡುಗಡೆ ವ್ಯವಸ್ಥೆ' ಎಂದಿದ್ದರೆ ಯಾವುದು ಎಂದು ಕೇಳಿ.

ಮೂರು: ಕರಿ ಕೀಲಿಗಳ ನಡುವೆ ಬೆರಳು ಹಾಕಿ ಬಿಳಿ ಕೀಲಿಯ ಒಳಭಾಗವನ್ನು ಒತ್ತಿ. ಆಧಾರಬಿಂದು ಮುಂತುದಿಯಿಂದ 22 ಸೆಂಟಿಮೀಟರ್ ದೂರವಿದ್ದರೆ, 12 ಸೆಂಟಿಮೀಟರ್ ಒಳಗೆ ಒತ್ತಲು 50 ಗ್ರಾಂ ಬದಲು 110 ಗ್ರಾಂ ಬೇಕು. ಆಧಾರಬಿಂದು 18 ಸೆಂಟಿಮೀಟರಿನಲ್ಲಿದ್ದರೆ 150 ಗ್ರಾಂ. ಸನ್ನೆ ಚಿಕ್ಕದಾದಷ್ಟೂ ಒಳಗಿನ ಕೀಲಿ ಕಲ್ಲಿನಂತಾಗುತ್ತದೆ.

ಎರಡು ಆಕ್ಷೇಪಗಳು

'ವೇಗವೊಂದೇ ಧ್ವನಿಯನ್ನು ನಿರ್ಧರಿಸುವುದಾದರೆ ಸ್ಪರ್ಶಕ್ಕೆ ಇಷ್ಟು ಮಹತ್ವವೇಕೆ?' ಎಂದು ಕೇಳಬಹುದು. ಹಾರ್ಟ್, ಫುಲ್ಲರ್ ಮತ್ತು ಲಸ್ಬಿ 1934ರಲ್ಲಿ ಪ್ರಕಟಿಸಿದ ಅಧ್ಯಯನ ಸುತ್ತಿಗೆಯ ವೇಗದ ಪರವಾಗಿಯೇ ಇತ್ತು. ಗೇಬ್ಲ್ ಮತ್ತು ಸಂಗಡಿಗರ 2014ರ ಪ್ರಯೋಗಗಳಲ್ಲಿ ಸಂಗೀತಗಾರರು ಒಂದೇ ಸುತ್ತಿಗೆ ವೇಗದ ಸ್ವರಗಳಲ್ಲೂ ಒತ್ತಿದ್ದು, ಬಡಿದದ್ದು ಬೇರೆ ಎಂದು ಗುರುತಿಸಿದರು. ಬೆರಳು ಕೀಲಿಗೆ ತಾಗುವ ಸದ್ದನ್ನು ತೆಗೆದುಹಾಕಿದಾಗ ಆ ಸಾಮರ್ಥ್ಯ ಇಲ್ಲವಾಯಿತು. ಅಂದರೆ ಸ್ಪರ್ಶದ ಮಹತ್ವ ಮುಖ್ಯವಾಗಿ ಕೇಳುವವರಿಗಲ್ಲ, ನುಡಿಸುವವರಿಗೆ. ಬೇಕಾದ ವೇಗವನ್ನು ಬೇಕಾದ ಕ್ಷಣದಲ್ಲಿ ಕೊಡಲು ಬೆರಳು ಕಲಿಯುವುದು ಕೀಲಿಯ ಎದುರೊತ್ತಿನಿಂದಲೇ. ತಪ್ಪು ಜಡತ್ವದ ಮೇಲೆ ಕಲಿತ ಬೆರಳು ತಪ್ಪು ಪಾಠವನ್ನೇ ನೆನಪಿಟ್ಟುಕೊಳ್ಳುತ್ತದೆ.

'ಗ್ರಾಂಡ್‌ಗಳೂ ಒಂದೊಂದು ಒಂದೊಂದು ತರಹ' ಎಂಬುದು ಇನ್ನೊಂದು ಆಕ್ಷೇಪ. ನಿಜ. ಆದರೆ ಇದು ಜಾಹೀರಾತಿನ ಮಾತನ್ನು ಮತ್ತಷ್ಟು ದುರ್ಬಲಗೊಳಿಸುತ್ತದೆ. 'ನಿಜವಾದ ಗ್ರಾಂಡ್' ಎಂಬ ಒಂದೇ ಸ್ಪರ್ಶವಿಲ್ಲದಿದ್ದರೆ 'ಅದರಂತೆಯೇ' ಎಂಬುದಕ್ಕೆ ಅಂಕಿ ಇಲ್ಲದೆ ಅರ್ಥವಿಲ್ಲ.

ತಯಾರಕರಿಗೆ ಇದು ತಿಳಿಯದ ವಿಷಯವಲ್ಲ. ಯಮಾಹಾ 2009ರಲ್ಲಿ ತಂದ ಅವಾಂಟ್‌ಗ್ರಾಂಡ್ ವಾದ್ಯದಲ್ಲಿ ತಂತಿಗಳಿಲ್ಲದಿದ್ದರೂ ಗ್ರಾಂಡ್‌ನ ಸನ್ನೆ, ಸುತ್ತಿಗೆಗಳ ವ್ಯವಸ್ಥೆಯನ್ನೇ ಇಟ್ಟಿತು. ಕಡಿಮೆ ಬೆಲೆಯ ವಾದ್ಯದಲ್ಲಿ ಅಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಗ್ರಾಹಕರು ಕೇಳಬಹುದಾದ ಒಂದು ವಿಷಯವಿದೆ: 88 ಕೀಲಿ, ಎಷ್ಟು ನಾದ ಒಟ್ಟಿಗೆ, ಎಷ್ಟು ವಾದ್ಯಗಳ ಧ್ವನಿ ಎಂದೆಲ್ಲ ಮುದ್ರಿಸುವ ಪುಟದಲ್ಲಿ ಮಂದ್ರದ ಒಂದು ಕೀಲಿಗೆ ಮತ್ತು ತಾರದ ಒಂದು ಕೀಲಿಗೆ ತೋರಿಕೆಯ ದ್ರವ್ಯರಾಶಿ ಎಷ್ಟು ಗ್ರಾಂ ಎಂದು ಇನ್ನೊಂದು ಸಾಲು. ಅದು ಬರುವವರೆಗೆ, ಅಂಗಡಿಗೆ ಹೋಗುವಾಗ ತೂಕದ ಪೆಟ್ಟಿಗೆಯನ್ನೂ ಮೊಬೈಲನ್ನೂ ಜೊತೆಗೆ ಒಯ್ಯಿರಿ. ನಿಮ್ಮ ವಿದ್ಯಾರ್ಥಿಗಳನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.