ಕಸದ ಗುಡ್ಡದ ವಿದ್ಯುತ್ತು: ಸಾಮರ್ಥ್ಯ ಮತ್ತು ಮಿತಿ

ನಗರದ ಕಸವನ್ನು ಪದರಪದರವಾಗಿ ಒತ್ತಿ ಮಣ್ಣು ಮುಚ್ಚುವ ನೆಲಭರ್ತಿ ತಾಣಗಳಲ್ಲಿ, ಗಾಳಿಯಾಡದ ಆಳದಲ್ಲಿ ಕೊಳೆಯುವ ಅಡುಗೆಮನೆಯ ತ್ಯಾಜ್ಯ, ಕಾಗದ, ಎಲೆಕಡ್ಡಿಗಳನ್ನು ಸೂಕ್ಷ್ಮಜೀವಿಗಳು ಒಡೆದಾಗ ಹುಟ್ಟುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೀಥೇನ್ ಇದ್ದು, ಉಳಿದ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ 80 ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸುವ ಮೀಥೇನನ್ನು ಸುಮ್ಮನೆ ಹೊರಬಿಡುವುದಕ್ಕಿಂತ ಉರಿಸಿ ವಿದ್ಯುತ್ ಪಡೆಯುವುದು ಮೇಲೆಂಬುದನ್ನು ಯಾರೂ ಅಲ್ಲಗಳೆಯಲಾರರು. ಚರ್ಚೆಗೆ ಬರಬೇಕಾದದ್ದು ಈ ವಿದ್ಯುತ್ತಿನ ಹೆಸರಿನಲ್ಲಿ ಹಸಿ ಕಸವನ್ನು ಗುಡ್ಡಕ್ಕೆ ಸಾಗಿಸುತ್ತಲೇ ಇರಬಹುದೇ ಎಂಬ ಪ್ರಶ್ನೆ.

ವಿಧಾನದ ಸಾಮರ್ಥ್ಯಕ್ಕೆ ಲಾಸ್ ಏಂಜಲೀಸ್ ಬಳಿಯ ಪ್ವೆಂಟೆ ಹಿಲ್ಸ್ ದೊಡ್ಡ ನಿದರ್ಶನ. 1957ರಿಂದ 2013ರವರೆಗೆ ಕಸ ಪಡೆದ ಈ ತಾಣದ ಅನಿಲದಿಂದ, ಉತ್ಪಾದನೆ ಉಚ್ಛ್ರಾಯದಲ್ಲಿದ್ದಾಗ ಸುಮಾರು 50 ಮೆಗಾವಾಟ್ ವಿದ್ಯುತ್ ದೊರೆಯುತ್ತಿತ್ತು. ಇಂಥ ಸ್ಥಾವರಗಳ ಯಶಸ್ಸು ನಿಂತಿರುವುದು ದಿನನಿತ್ಯದ ನಿರ್ವಹಣೆಯ ಮೇಲೆ. ತೂತುಗಳಿರುವ ಕೊಳವೆಗಳನ್ನು ಕಸದ ಆಳಕ್ಕಿಳಿಸಿ ಯಂತ್ರದಿಂದ ಅನಿಲವನ್ನು ಹೀರುವಾಗ, ಸೆಳೆತ ಕಡಿಮೆಯಾದರೆ ಅನಿಲ ಮೇಲ್ಮಣ್ಣಿನ ಬಿರುಕುಗಳಲ್ಲಿ ಸೋರಿಹೋಗುತ್ತದೆ. ಹೆಚ್ಚಾದರೆ ಹೊರಗಿನ ಗಾಳಿ ಒಳನುಗ್ಗಿ, ಮೀಥೇನ್ ಉತ್ಪಾದಿಸುವ ಜೀವಿಗಳು ಸಾಯುವುದಲ್ಲದೆ ಕಸದ ಒಡಲಲ್ಲೇ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ, ಪ್ರತಿ ಬಾವಿಯ ವಾಲ್ವನ್ನೂ ಅಳೆದು ತಿರುಗಿಸಬೇಕಾಗುತ್ತದೆ. ಶಾಂಪೂ, ಸೌಂದರ್ಯವರ್ಧಕಗಳಿಂದ ಅನಿಲಕ್ಕೆ ಸೇರುವ ಸಿಲೋಕ್ಸೇನ್ ಎಂಬ ಸಿಲಿಕಾನ್ ಸಂಯುಕ್ತಗಳು ಉರಿದಾಗ ಸಿಲಿಕಾ ಪುಡಿಯಾಗಿ ಇಂಜಿನ್ನಿನ ಒಳಭಾಗಗಳಿಗೆ ಅಂಟಿ ಅವನ್ನು ಸವೆಸುತ್ತವೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ನೀಗದ ದೋಷವೊಂದಿದೆ. ಅನ್ನ, ತರಕಾರಿ, ಹಣ್ಣಿನ ಸಿಪ್ಪೆ ಬೇಗ ಕೊಳೆಯುವ ಪದಾರ್ಥಗಳಾದ್ದರಿಂದ, ಕೊಳವೆ ಹಾಕಿ ಗುಡ್ಡವನ್ನು ಮುಚ್ಚುವ ವೇಳೆಗೆ ಅವುಗಳ ಮೀಥೇನಿನ ದೊಡ್ಡ ಪಾಲು ಆಕಾಶ ಸೇರಿರುತ್ತದೆ. ನೆಲಭರ್ತಿಗೆ ಹೋದ ಆಹಾರ ತ್ಯಾಜ್ಯದಿಂದ ಹುಟ್ಟುವ ಮೀಥೇನಿನಲ್ಲಿ ಅಂದಾಜು ಶೇ. 61ರಷ್ಟು ಸಂಗ್ರಹಕ್ಕೆ ಸಿಗುವುದೇ ಇಲ್ಲವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಹೇಳಿತು. ವ್ಯವಸ್ಥಿತ ತಾಣಗಳಿರುವ ದೇಶದ ಸ್ಥಿತಿಯೇ ಇದು.

ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರುಗಳ ಜನ ವರ್ಷಗಟ್ಟಲೆ ದುರ್ವಾಸನೆ ಮತ್ತು ಕೆಟ್ಟ ನೀರನ್ನು ಸಹಿಸಿದರು. ಅಂಥ ಗುಡ್ಡಗಳ ಅನಿಲವನ್ನು ಲಾಭದ ಮೂಲವೆಂದು ಬಣ್ಣಿಸುವುದು ಆ ಜನರಿಗೆ ಮಾಡುವ ಅನ್ಯಾಯ. ಹಳೆಯ ಗುಡ್ಡಗಳಲ್ಲಿ ಅನಿಲ ಸಾಕಷ್ಟಿದ್ದರೆ ಅದನ್ನು ಹಿಡಿದು ಬಳಸುವುದು ಪರಿಹಾರಕಾರ್ಯವಾಗಿ ಸಮರ್ಥನೀಯ. ಹೊಸ ಗುಡ್ಡಗಳಿಗೆ ಈ ಸಮರ್ಥನೆ ಸಲ್ಲದು, ಏಕೆಂದರೆ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕೊಳೆಯದ, ಮರುಬಳಕೆಗೆ ಬಾರದ ಜಡ ತ್ಯಾಜ್ಯವನ್ನಷ್ಟೇ ನೆಲಭರ್ತಿಗೆ ಕಳಿಸಬೇಕೆಂದು ವಿಧಿಸಿದವು. ನಿಯಮವನ್ನು ಪಾಲಿಸಿದ ನಗರದ ಗುಡ್ಡದಲ್ಲಿ ಅನಿಲವೇ ಹುಟ್ಟದು. ಮನೆಬಾಗಿಲಲ್ಲೇ ಬೇರ್ಪಡಿಸಿದ ಹಸಿ ಕಸವನ್ನು ಮುಚ್ಚಿದ ಜೈವಿಕ ಅನಿಲ ಸ್ಥಾವರಕ್ಕೆ ಕೊಟ್ಟರೆ ಅದೇ ಮೀಥೇನ್ ಬಹುಪಾಲು ಸೋರದೆ ಸಿಗುತ್ತದೆ, ಜೊತೆಗೆ ಹೊಲಕ್ಕೆ ಗೊಬ್ಬರವೂ ದೊರೆಯುತ್ತದೆ. ನಗರಪಾಲಿಕೆಗಳ ಹಣ ಮೊದಲು ಹೋಗಬೇಕಾದದ್ದು ಈ ಸ್ಥಾವರಗಳಿಗೆ.